ಹಳೆ ಏಸಿಯ ಮುಂದಿನ ಒಂದು ವರ್ಷ

ಅಕ್ಕತಂಗಿಯರಿಬ್ಬರು ಒಂದೇ ವರ್ಷ, ಒಂದೇ ಮಾದರಿಯ, ಒಂದೂವರೆ ಟನ್ನಿನ ಸ್ಪ್ಲಿಟ್ ಏಸಿ ಕೊಂಡರು ಎಂದಿಟ್ಟುಕೊಳ್ಳಿ. ಅಕ್ಕನ ಮನೆ ರಾಯಚೂರಿನಲ್ಲಿ, ತಂಗಿಯದು ಬೆಂಗಳೂರಿನಲ್ಲಿ. ಹನ್ನೊಂದು ವರ್ಷ ದುಡಿದ ಮೇಲೆ ಎರಡೂ ಯಂತ್ರಗಳಿಗೆ ಒಂದೇ ಕಾಯಿಲೆ ಬಂದಿದೆ. ಒಳಗಿನ ತಾಮ್ರದ ಕಾಯಿಲ್ ಸೋರುತ್ತಿದೆ. ಅದನ್ನು ಬದಲಿಸಿ ಗ್ಯಾಸ್ ತುಂಬಲು 8,000 ರೂಪಾಯಿ ಆಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ರಿಪೇರಿ ಮಾಡಿಸುವುದೋ, ಹೊಸದನ್ನೇ ತರುವುದೋ?

ಯಂತ್ರ ಒಂದೇ, ವಯಸ್ಸು ಒಂದೇ, ಕಾಯಿಲೆ ಒಂದೇ, ದರವೂ ಒಂದೇ. ಆದರೂ ಅಕ್ಕನಿಗೆ ಹೊಸದು ಕೊಳ್ಳುವುದು ಲಾಭ, ತಂಗಿಗೆ ರಿಪೇರಿ ಮಾಡಿಸುವುದು ಲಾಭ. ‘ಏಸಿ ಎಷ್ಟು ವರ್ಷ ಬಾಳಿಕೆ ಬರುತ್ತೆ?’ ಎಂದು ಕೇಳಿದರೆ ಅಂಗಡಿಯವರು ಹತ್ತು ವರ್ಷ ಎನ್ನುತ್ತಾರೆ, ರಿಪೇರಿಯವರು ಹದಿನೈದು ಎನ್ನುತ್ತಾರೆ. ಇಬ್ಬರದ್ದೂ ಸುಳ್ಳಲ್ಲ, ಆದರೆ ಆ ಉತ್ತರದಿಂದ ನಮಗೆ ಹೆಚ್ಚು ಉಪಯೋಗವಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಯಂತ್ರವನ್ನು ಇನ್ನೊಂದು ವರ್ಷ ಇಟ್ಟುಕೊಂಡರೆ ನನಗೆ ಎಷ್ಟು ಖರ್ಚು ಬೀಳುತ್ತದೆ? ಆ ಲೆಕ್ಕಕ್ಕೆ ಕೈಹಾಕುವ ಮೊದಲು ಏಸಿಯೊಳಗೆ ಏನು ಸವೆಯುತ್ತದೆ, ಏನು ಸವೆಯುವುದೇ ಇಲ್ಲ ಎಂಬುದು ಗೊತ್ತಿರಬೇಕು.

ಗ್ಯಾಸ್ ಖಾಲಿಯಾಗುವುದಿಲ್ಲ

ಏಸಿ ತಂಪನ್ನು ತಯಾರಿಸುವುದಿಲ್ಲ. ಕೋಣೆಯೊಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ. ಹೊರುವ ಕೆಲಸ ಒಂದು ದ್ರವದ್ದು. ವಿಜ್ಞಾನದ ಪುಸ್ತಕಗಳಲ್ಲಿ ಅದು ಶೀತಕ, ಮನೆಮಾತಿನಲ್ಲಿ ‘ಗ್ಯಾಸ್’. ಒಳಗಿನ ಕಾಯಿಲ್‌ನಲ್ಲಿ ಒತ್ತಡ ಕಡಿಮೆ. ಅಲ್ಲಿ ಈ ದ್ರವ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಆವಿಯಾಗುತ್ತದೆ. ಕುದಿಯಲು ಬೇಕಾದ ಶಾಖವನ್ನು ಕೋಣೆಯ ಗಾಳಿಯಿಂದ ಎಳೆದುಕೊಳ್ಳುತ್ತದೆ. ಆ ಆವಿಯನ್ನು ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಹಿಂಡುತ್ತದೆ. ಹಿಂಡಿದಾಗ ಬಿಸಿಯೇರಿ ಹೊರಗಿನ ಬಿಸಿಲಿಗಿಂತಲೂ ಕಾವಾಗುವ ಆವಿ, ಅಲ್ಲಿನ ಕಾಯಿಲ್‌ನಲ್ಲಿ ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಸಣ್ಣ ಕೊಳವೆಯೊಂದರಲ್ಲಿ ನುಸುಳಿ, ಒತ್ತಡ ಕಳೆದುಕೊಂಡು ಮರಳಿ ಒಳಗೆ ಬರುತ್ತದೆ. ಯಂತ್ರ ನಡೆಯುವಷ್ಟು ಹೊತ್ತೂ ಇದೇ ಸುತ್ತು.

ಈ ಸುತ್ತಿನಲ್ಲಿ ಶೀತಕ ಎಲ್ಲಿಯೂ ಖರ್ಚಾಗುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಹದಿನೈದು ವರ್ಷ ಸುತ್ತಿದರೂ ಹಾಕಿದಷ್ಟೇ ಇರಬೇಕು. ಆದ್ದರಿಂದ ‘ಗ್ಯಾಸ್ ಖಾಲಿಯಾಗಿದೆ ಸಾರ್, ತುಂಬಿಸಿದರೆ ಸರಿಹೋಗುತ್ತೆ’ ಎಂಬ ಮಾತು ಅರ್ಧ ಮಾತ್ರ ನಿಜ. ಗ್ಯಾಸ್ ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇದೆ. ಸೋರಿಕೆ ಹುಡುಕದೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸುವುದು ಪಂಕ್ಚರ್ ಆದ ಟ್ಯೂಬಿಗೆ ದಿನಾ ಗಾಳಿ ಹೊಡೆಸಿದ ಹಾಗೆ. ಅದಕ್ಕೆ ಸುರಿದ ದುಡ್ಡು ಯಂತ್ರದ ಆಯಸ್ಸನ್ನು ಒಂದು ದಿನವೂ ಹೆಚ್ಚಿಸುವುದಿಲ್ಲ.

ಸೋರಿಕೆ ಎಲ್ಲಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಒಳಗಿನ ಮತ್ತು ಹೊರಗಿನ ಪೆಟ್ಟಿಗೆಗಳನ್ನು ಜೋಡಿಸುವ ಕೊಳವೆಯ ನಟ್ಟಿನ ಬಳಿ ಸೋರುತ್ತಿದ್ದರೆ ಸುದ್ದಿ ಒಳ್ಳೆಯದೇ. ಅಂಥ ಜಾಗದಲ್ಲಿ ಎಣ್ಣೆಯ ಜಿಡ್ಡು ಕಾಣುತ್ತದೆ, ಏಕೆಂದರೆ ಕಂಪ್ರೆಸರ್‌ನ ಎಣ್ಣೆಯೂ ಗ್ಯಾಸಿನ ಜೊತೆ ತುಸುತುಸುವೇ ಹೊರಬರುತ್ತದೆ. ಕೊಳವೆಯ ತುದಿಯನ್ನು ಹೊಸದಾಗಿ ಅರಳಿಸಿ ಬಿಗಿದರೆ ಮುಗಿಯಿತು. ಸೋರಿಕೆ ಕಾಯಿಲ್‌ನ ಮೈಯಲ್ಲೇ ಇದ್ದರೆ ಕಥೆ ಬೇರೆ.

ತಾಮ್ರದಲ್ಲಿ ಇರುವೆಗೂಡು

ತಾಮ್ರ ಸುಲಭಕ್ಕೆ ತುಕ್ಕು ಹಿಡಿಯುವ ಲೋಹವಲ್ಲ. ಆದರೂ ಐದಾರು ವರ್ಷದ ಏಸಿ ಕಾಯಿಲ್‌ಗಳು ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿಂದ ಸೋರತೊಡಗುವುದುಂಟು. ಅಂಥ ಕೊಳವೆಯನ್ನು ಅಡ್ಡ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಲೋಹದೊಳಗೆ ಕವಲೊಡೆದ ಸುರಂಗಗಳ ಜಾಲ ಕಾಣುತ್ತದೆ. ಲೋಹತಜ್ಞರು ಇದಕ್ಕೆ ಇರುವೆಗೂಡು ಸವೆತ ಎಂದೇ ಹೆಸರಿಟ್ಟಿದ್ದಾರೆ. ಇದಕ್ಕೆ ಮೂರು ಸಂಗತಿಗಳು ಕೂಡಬೇಕು: ತೇವ, ಆಮ್ಲಜನಕ ಮತ್ತು ಫಾರ್ಮಿಕ್ ಅಥವಾ ಅಸಿಟಿಕ್‌ನಂಥ ಸಾವಯವ ಆಮ್ಲ. ಮೊದಲ ಎರಡು ಏಸಿಯ ಕಾಯಿಲ್ ಮೇಲೆ ಸದಾ ಇರುತ್ತವೆ. ಮೂರನೆಯದು ಹೊಸ ಪ್ಲೈವುಡ್ ಬೀರು, ಅಂಟು, ಬಣ್ಣ, ನೆಲ ಒರೆಸುವ ದ್ರಾವಣ, ಅಡುಗೆಮನೆಯ ವಿನೆಗರ್ ಮುಂತಾದವುಗಳಿಂದ ಗಾಳಿಗೆ ಸೇರುತ್ತದೆ. ಕಿಟಕಿ ಭದ್ರವಾಗಿ ಮುಚ್ಚಿ, ಹೊಸದಾಗಿ ಮರಗೆಲಸ ಮಾಡಿಸಿದ ಕೋಣೆಯಲ್ಲಿ ಈ ಮೂರೂ ಒಟ್ಟುಗೂಡುತ್ತವೆ.

ಊರಿನ ಗಾಳಿಯೂ ತನ್ನ ಪಾಲು ಸೇರಿಸುತ್ತದೆ. ಮಂಗಳೂರು, ಕಾರವಾರಗಳ ಉಪ್ಪುಗಾಳಿಗೆ ಹೊರಗಿನ ಕಾಯಿಲ್‌ನ ಅಲ್ಯೂಮಿನಿಯಂ ಎಲೆಗಳು ಬಿಳಿ ಪುಡಿಯಾಗಿ ಉದುರುತ್ತವೆ. ತಾಮ್ರಕ್ಕೆ ತಾಗಿಕೊಂಡ ಅಲ್ಯೂಮಿನಿಯಂ ಮೇಲೆ ಉಪ್ಪುನೀರು ಬಿದ್ದರೆ ಅಲ್ಲೊಂದು ಪುಟ್ಟ ವಿದ್ಯುತ್ ಕೋಶವೇ ಆಗುತ್ತದೆ, ಅದರಲ್ಲಿ ಕರಗುವ ಸರದಿ ಅಲ್ಯೂಮಿನಿಯಂನದು. ಕೊಳಚೆ ತುಂಬಿದ ಕೆರೆ, ರಾಜಕಾಲುವೆಗಳ ಪಕ್ಕದ ಮನೆಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ತಾಮ್ರವನ್ನು ಕಪ್ಪಾಗಿಸಿ ತಿನ್ನುತ್ತದೆ. ಬಳ್ಳಾರಿ, ಸಂಡೂರಿನ ಕೆಂಧೂಳು ಲೋಹವನ್ನು ತಿನ್ನುವುದಿಲ್ಲ, ಆದರೆ ಎಲೆಗಳ ಸಂದು ಮುಚ್ಚಿಬಿಡುತ್ತದೆ.

ಇರುವೆಗೂಡು ಹಿಡಿದ ಕಾಯಿಲ್‌ನಲ್ಲಿ ಒಂದು ತೂತು ಬೆಸೆದರೆ ಆರು ತಿಂಗಳಿಗೆ ಇನ್ನೊಂದು ಬಾಯಿ ತೆರೆಯಬಹುದು. ಸುರಂಗಗಳು ಕೊಳವೆಯುದ್ದಕ್ಕೂ ಹಬ್ಬಿರುತ್ತವೆ. ಅಲ್ಲಿ ಬೆಸುಗೆ ಹಾಕಿಸುವುದಕ್ಕಿಂತ ಕಾಯಿಲ್ಲನ್ನೇ ಬದಲಿಸಬೇಕು, ಇಲ್ಲವೇ ಯಂತ್ರವನ್ನೇ. ಎರಡನೇ ಸಲ ಕಾಯಿಲ್ ಸೋರಿತೆಂದರೆ ಅದನ್ನು ಬಿಡಿ ಘಟನೆಯೆಂದು ನೋಡಬಾರದು.

ಉಳಿದ ಬಿಡಿಭಾಗಗಳ ಸವೆತ ಇಷ್ಟು ಸೋಜಿಗದ್ದಲ್ಲ. ಹೊರಗಿನ ಪೆಟ್ಟಿಗೆ ಗುಂಯ್‌ಗುಟ್ಟುತ್ತದೆ, ಸುತ್ತಲು ಶುರುವಾಗುವುದಿಲ್ಲ ಎಂದರೆ ಹೆಚ್ಚಿನ ಸಲ ಕೆಟ್ಟಿರುವುದು ಕೆಲವು ನೂರು ರೂಪಾಯಿಯ ಕೆಪಾಸಿಟರ್. ಇದನ್ನೇ ‘ಕಂಪ್ರೆಸರ್ ಹೋಗಿದೆ’ ಎಂದು ನಂಬಿ ಏಸಿ ಎಸೆದವರು ಉಂಟು. ಇನ್ವರ್ಟರ್ ಏಸಿಗಳಲ್ಲಿ ದುಬಾರಿ ಭಾಗವೆಂದರೆ ಸರ್ಕ್ಯೂಟ್ ಬೋರ್ಡು. ವೋಲ್ಟೇಜಿನ ಏರಿಳಿತ, ಮಳೆಗಾಲದ ತೇವ, ಬೆಚ್ಚಗಿದೆಯೆಂದು ಒಳಸೇರಿ ಸುಟ್ಟುಹೋಗುವ ಹಲ್ಲಿ, ಈ ಮೂರೂ ಅದರ ಶತ್ರುಗಳು. ಕಂಪ್ರೆಸರ್ ನಿಜಕ್ಕೂ ಸುಟ್ಟರೆ ಎಣ್ಣೆ ಒಡೆದು ಆಮ್ಲವಾಗಿ ಕೊಳವೆಗಳಲ್ಲೆಲ್ಲ ಹರಡುತ್ತದೆ. ಅದನ್ನು ತೊಳೆಯದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದಕ್ಕೂ ಅದೇ ಗತಿ. ವಾರಂಟಿ ಮುಗಿದ ಹಳೆ ಯಂತ್ರದ ಕಂಪ್ರೆಸರ್ ಸುಟ್ಟಿದ್ದರೆ ಯಂತ್ರಕ್ಕೆ ವಿದಾಯ ಹೇಳುವುದೇ ಮೇಲು.

ಎಂಟು ಡಿಗ್ರಿಯ ಬೆಲೆ

ಕೆಡದೆಯೂ ಏಸಿ ಮುದಿಯಾಗುತ್ತದೆ. ಬಟನ್ ಒತ್ತಿದರೆ ಓಡುತ್ತದೆ, ತಂಪೂ ಬರುತ್ತದೆ, ಬಿಲ್ಲು ಮಾತ್ರ ಏರುತ್ತಾ ಹೋಗುತ್ತದೆ. ಇದರ ಗುಟ್ಟು ಫ್ರಾನ್ಸಿನ ತರುಣ ಎಂಜಿನಿಯರ್ ಸಾಡಿ ಕಾರ್ನೋ 1824ರಲ್ಲಿ ಪ್ರಕಟಿಸಿದ ಚಿಕ್ಕ ಪುಸ್ತಕದಲ್ಲಿದೆ. ಅವನು ಬರೆದದ್ದು ಉಗಿಯಂತ್ರಗಳ ಬಗ್ಗೆ. ಅದೇ ತರ್ಕವನ್ನು ತಿರುಗಿಸಿ ಹಿಡಿದರೆ ಶಾಖವನ್ನು ತಂಪಿನ ಜಾಗದಿಂದ ಬಿಸಿ ಜಾಗಕ್ಕೆ ಸಾಗಿಸಲು ಎಷ್ಟು ಶಕ್ತಿ ಬೇಕೇಬೇಕು ಎಂಬ ಕನಿಷ್ಠ ಮಿತಿ ಸಿಗುತ್ತದೆ. ತಂಪು ಜಾಗದ ತಾಪಮಾನವನ್ನು ಕೆಲ್ವಿನ್‌ನಲ್ಲಿ ಬರೆದು, ಎರಡು ಜಾಗಗಳ ಅಂತರದಿಂದ ಭಾಗಿಸಿದರೆ, ಒಂದು ಯೂನಿಟ್ ವಿದ್ಯುತ್ತಿನಿಂದ ಗರಿಷ್ಠ ಎಷ್ಟು ಯೂನಿಟ್ ಶಾಖ ಸಾಗಿಸಬಹುದು ಎಂಬುದು ಗೊತ್ತಾಗುತ್ತದೆ.

ಒಳಗೆ 27 ಡಿಗ್ರಿ, ಹೊರಗೆ 35 ಡಿಗ್ರಿ ಇದ್ದಾಗ ಉತ್ತರ 300 ಭಾಗಿಸು 8, ಅಂದರೆ 37ಕ್ಕೂ ಹೆಚ್ಚು. ಆದರೆ ಯಾವ ಏಸಿಯೂ ಅದರ ಹತ್ತಿರಕ್ಕೂ ಬರುವುದಿಲ್ಲ. ಶಾಖ ಹರಿಯಬೇಕಾದರೆ ಇಳಿಜಾರು ಬೇಕು. ಒಳಗಿನ ಕಾಯಿಲ್ ಕೋಣೆಗಿಂತ ತಣ್ಣಗೆ, ಸುಮಾರು 10 ಡಿಗ್ರಿಯಲ್ಲಿರಬೇಕು. ಹೊರಗಿನದು ಬಿಸಿಲಿಗಿಂತ ಬಿಸಿಯಾಗಿ, ಸುಮಾರು 50 ಡಿಗ್ರಿಯಲ್ಲಿರಬೇಕು. ಈಗ ಲೆಕ್ಕ 283 ಭಾಗಿಸು 40, ಅಂದರೆ ಏಳು. ಕಂಪ್ರೆಸರ್‌ನ ಘರ್ಷಣೆ, ಫ್ಯಾನುಗಳ ಖರ್ಚು ಕಳೆದರೆ ಉಳಿಯುವುದು ಮೂರೋ ನಾಲ್ಕೋ.

ಹೊರಗಿನ ಕಾಯಿಲ್ ಮೇಲೆ ಧೂಳು ಕೂತಿತು ಅನ್ನಿ. ಗಾಳಿ ಸರಿಯಾಗಿ ಹಾಯದು. ಅಷ್ಟೇ ಶಾಖವನ್ನು ಹೊರಹಾಕಲು ಕಾಯಿಲ್ 50ರ ಬದಲು 58 ಡಿಗ್ರಿಗೆ ಕಾಯಬೇಕು. ಲೆಕ್ಕ 283 ಭಾಗಿಸು 48ಕ್ಕೆ ಇಳಿಯುತ್ತದೆ, ಏಳು ಇದ್ದದ್ದು ಆರಕ್ಕೂ ಕೆಳಗೆ. ಯಾವ ಭಾಗವೂ ಮುರಿಯದೆ, ಯಾವ ಸದ್ದೂ ಮಾಡದೆ, ಯಂತ್ರದ ದಕ್ಷತೆಯ ಆರನೇ ಒಂದು ಪಾಲು ಹೋಯಿತು. ಇದು ಮುಪ್ಪಲ್ಲ, ಕೊಳೆ. ತೊಳೆದರೆ ಹೋಗುವಂಥದ್ದು. ಕೊಳೆಯನ್ನು ಮುಪ್ಪೆಂದು ತಿಳಿದು ಹೊಸದು ತಂದವರ ಮನೆಯಲ್ಲಿ ಎರಡು ವರ್ಷದ ನಂತರ ಹೊಸದೂ ಹಳತರಂತೆಯೇ ವರ್ತಿಸುತ್ತದೆ.

ಹೊಸ ಇನ್ವರ್ಟರ್ ಏಸಿಗಳು ಕಡಿಮೆ ವಿದ್ಯುತ್ ಬಳಸುವುದಕ್ಕೂ ಇದೇ ಸೂತ್ರ ಕಾರಣ. ಹಳೆಯ ಏಸಿ ಓಡಿದರೆ ಪೂರ್ತಿ ವೇಗ, ಇಲ್ಲವಾದರೆ ಬಂದ್. ಇನ್ವರ್ಟರ್ ಏಸಿ ಕೋಣೆ ತಣ್ಣಗಾದ ಮೇಲೆ ಮೆಲ್ಲಗೆ ಓಡುತ್ತದೆ. ಆಗ ಅಷ್ಟೇ ದೊಡ್ಡ ಕಾಯಿಲ್‌ಗಳ ಮೂಲಕ ಕಡಿಮೆ ಶಾಖ ಹಾಯುತ್ತದೆ, ಇಳಿಜಾರು ಕಿರಿದಾಗುತ್ತದೆ, ಕಾರ್ನೋನ ಭಾಗಾಕಾರದಲ್ಲಿ ಛೇದ ಚಿಕ್ಕದಾಗುತ್ತದೆ.

ನಿಮ್ಮ ಏಸಿಯಲ್ಲಿ ಈಗ ಎಷ್ಟು ಟನ್ ಉಳಿದಿದೆ?

ಏಸಿಯ ‘ಟನ್’ ಅದರ ತೂಕವಲ್ಲ, ಮಂಜುಗಡ್ಡೆಯ ಲೆಕ್ಕ. ಯಂತ್ರಗಳು ಬರುವ ಮೊದಲು ತಂಪೆಂದರೆ ಹೊತ್ತು ತಂದ ಮಂಜು. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಅಮೆರಿಕದ ಕೆರೆಗಳಲ್ಲಿ ಚಳಿಗಾಲದಲ್ಲಿ ಕೊಯ್ದ ಮಂಜನ್ನು 1833ರಲ್ಲಿ ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ್ದ. ಮದರಾಸಿನ ಕಡಲತೀರದಲ್ಲಿ ಅವನ ಮಂಜು ಇಡಲು ಕಟ್ಟಿದ ಐಸ್ ಹೌಸ್ ಇಂದಿಗೂ ವಿವೇಕಾನಂದರ ಸ್ಮಾರಕವಾಗಿ ನಿಂತಿದೆ. ಒಂದು ಅಮೆರಿಕನ್ ಟನ್, ಅಂದರೆ 907 ಕಿಲೋ ಮಂಜು 24 ಗಂಟೆಯಲ್ಲಿ ಕರಗುವಾಗ ಸುತ್ತಲಿಂದ ಹೀರುವ ಶಾಖದ ದರವೇ ಒಂದು ಟನ್ ತಂಪು. ಅದು ಸುಮಾರು 3.5 ಕಿಲೋವಾಟ್. ಒಂದೂವರೆ ಟನ್ ಎಂದು ಮಾರುವ ಏಸಿಗಳ ಸಾಮರ್ಥ್ಯ 5 ಕಿಲೋವಾಟಿನ ಆಸುಪಾಸಿನಲ್ಲಿರುತ್ತದೆ.

ಆ 5 ಕಿಲೋವಾಟಿನಲ್ಲಿ ಈಗ ಎಷ್ಟು ಉಳಿದಿದೆ ಎಂದು ಅಂದಾಜಿಸಲು ಮನೆಯಲ್ಲಿ ಎರಡು ಉಪಕರಣ ಸಾಕು: ಒಂದು ಸಾಧಾರಣ ಡಿಜಿಟಲ್ ಥರ್ಮಾಮೀಟರ್ ಮತ್ತು ಗೋಡೆಯ ಮೇಲಿನ ವಿದ್ಯುತ್ ಮೀಟರ್. ಫಿಲ್ಟರ್ ತೊಳೆದು, ಬಿಸಿಲಿರುವ ಮಧ್ಯಾಹ್ನ ಏಸಿಯನ್ನು ಕಡಿಮೆ ತಾಪಮಾನಕ್ಕಿಟ್ಟು ಕಾಲು ಗಂಟೆ ಓಡಿಸಿ. ಏಸಿಯ ಮೇಲ್ಭಾಗದಲ್ಲಿ ಒಳಹೋಗುವ ಗಾಳಿಯ ತಾಪ ನೋಡಿ, ಕೆಳಗೆ ಹೊರಬರುವ ಗಾಳಿಯ ತಾಪ ನೋಡಿ. ಅಂತರ 8ರಿಂದ 12 ಡಿಗ್ರಿ ಇದ್ದರೆ ಯಂತ್ರ ಗಟ್ಟಿಮುಟ್ಟು. ಕರಾವಳಿಯಲ್ಲಿ ಅಂತರ ತುಸು ಕಡಿಮೆ ಬಂದರೆ ಗಾಬರಿ ಬೇಡ, ಅಲ್ಲಿ ಏಸಿಯ ಶ್ರಮದ ದೊಡ್ಡ ಪಾಲು ಗಾಳಿಯ ತೇವವನ್ನು ನೀರಾಗಿಸಲು ಹೋಗುತ್ತದೆ. ಬಳಿಕ ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ ಒಂದು ಗಂಟೆ ಏಸಿ ಮಾತ್ರ ಓಡಿಸಿ, ಮೀಟರ್ ಎಷ್ಟು ಏರಿತು ನೋಡಿ.

ಎರಡು ಅಂಕಿಗಳನ್ನು ಜೋಡಿಸಿ ಓದಿದರೆ ರೋಗದ ಸುಳಿವು ಸಿಗುತ್ತದೆ. ತಂಪೂ ಕಡಿಮೆ, ವಿದ್ಯುತ್ತೂ ಕಡಿಮೆ ಎಂದಾದರೆ ಹಿಂಡಲು ಗ್ಯಾಸ್ ಸಾಲುತ್ತಿಲ್ಲ, ಇಲ್ಲವೇ ಕಂಪ್ರೆಸರ್‌ನ ಹಿಂಡುವ ಶಕ್ತಿಯೇ ಕುಗ್ಗಿದೆ. ತಂಪು ಕಡಿಮೆ, ವಿದ್ಯುತ್ ಹೆಚ್ಚು ಎಂದಾದರೆ ಹೊರಗಿನ ಕಾಯಿಲ್ ಕೊಳಕಾಗಿದೆ ಅಥವಾ ಅಲ್ಲಿನ ಫ್ಯಾನ್ ಸೊರಗಿದೆ. ಒಳಗಿನ ಕಾಯಿಲ್ ಮೇಲೆ ಹಿಮ ಕಟ್ಟುತ್ತಿದ್ದರೆ ಗಾಳಿ ಸಾಲದು, ಇಲ್ಲವೇ ಗ್ಯಾಸ್ ಸಾಲದು. ತೊಳೆದು, ಸೋರಿಕೆ ಸರಿಪಡಿಸಿ, ತೂಕ ಹಾಕಿ ಗ್ಯಾಸ್ ತುಂಬಿಸಿದ ಮೇಲೂ ಅಂತರ ಐದಾರು ಡಿಗ್ರಿ ದಾಟದಿದ್ದರೆ ಮಾತ್ರ ಅದನ್ನು ಮುಪ್ಪು ಎನ್ನಬಹುದು.

ಇದೆಲ್ಲದರ ಮೊದಲೇ ನೋಡಬೇಕಾದ ಒಂದು ಆರೋಪಿ ಇದೆ, ಕೋಣೆ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮಧ್ಯಾಹ್ನದ ಬಿಸಿಲು ಸೂರು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗುತ್ತಿತ್ತು. ಇಂದಿನ ತೆಳು ಕಾಂಕ್ರೀಟ್ ತಾರಸಿ ಸಂಜೆಯ ಹೊತ್ತಿಗೆ ಮೇಲಿಂದ ಕಾವು ಸುರಿಸುತ್ತದೆ. ಮೇಲಿನ ಮಹಡಿಯ ಕೋಣೆ ತಣ್ಣಗಾಗುತ್ತಿಲ್ಲವೆಂದು ದೊಡ್ಡ ಏಸಿ ತರುವ ಮೊದಲು ತಾರಸಿಗೆ ಸುಣ್ಣವನ್ನೋ ಬಿಸಿಲು ಪ್ರತಿಫಲಿಸುವ ಬಿಳಿ ಬಣ್ಣವನ್ನೋ ಬಳಿಸಿ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಮಾಡಿ ನೋಡಬೇಕು. ಫ್ಯಾನ್ ಹಾಕಿಕೊಂಡರೆ 26, 27 ಡಿಗ್ರಿಯೂ ಹಿತವೇ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುವುದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ನೀಡುವ ಲೆಕ್ಕ.

ರಾಯಚೂರಿಗೊಂದು, ಬೆಂಗಳೂರಿಗೊಂದು

ಈಗ ಅಕ್ಕತಂಗಿಯರ ಲೆಕ್ಕ ಬಿಡಿಸೋಣ. ಅವರ ಯಂತ್ರ ಹನ್ನೊಂದು ವರ್ಷದ ಹಿಂದಿನ ಒಂದು ಸ್ಟಾರಿನದು. ಒಂದು ಯೂನಿಟ್ ವಿದ್ಯುತ್ತಿಗೆ 2.7 ಯೂನಿಟ್ ಶಾಖ ಸಾಗಿಸುತ್ತದೆ. ಹೊಸ ಏಸಿಗಳ ಲೇಬಲ್ ಮೇಲೆ ಐಎಸ್‌ಇಇಆರ್ ಎಂಬ ಅಂಕಿ ಇರುತ್ತದೆ. ಒಂದೇ ತಾಪಮಾನದಲ್ಲಿ ಅಳೆಯದೆ, ಹೊರಗೆ 24ರಿಂದ 43 ಡಿಗ್ರಿವರೆಗಿನ ನಮ್ಮ ದೇಶದ ಹವೆಯಲ್ಲಿ ವರ್ಷಕ್ಕೆ 1600 ಗಂಟೆ ಓಡಿದರೆ ಸರಾಸರಿ ದಕ್ಷತೆ ಎಷ್ಟು ಎಂಬುದನ್ನು ಅದು ಹೇಳುತ್ತದೆ. 2018ರಿಂದ ಇದು ಕಡ್ಡಾಯ. ಲೇಬಲ್‌ನಲ್ಲಿ ನಮೂದಾದ ವಾರ್ಷಿಕ ಯೂನಿಟ್ಟುಗಳೂ ಆ 1600 ಗಂಟೆಯವೇ. ಐಎಸ್‌ಇಇಆರ್ 5 ಇರುವ ಒಂದೂವರೆ ಟನ್ ಏಸಿಗೆ 760 ಯೂನಿಟ್ ಎಂದು ಹಿಡಿಯೋಣ. ಅಷ್ಟೇ ತಂಪಿಗೆ ಹಳೆಯದು ಸುಮಾರು 1400 ಯೂನಿಟ್ ಕೇಳುತ್ತದೆ.

ತೆರಿಗೆಯೆಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ, ಹೊಸ ಏಸಿಯ ಬೆಲೆ 45,000, ಅದರ ಬಾಳಿಕೆ ಹತ್ತು ವರ್ಷ, ವರ್ಷದ ಸರ್ವೀಸ್ 1,500 ರೂಪಾಯಿ ಎಂದು ಇಟ್ಟುಕೊಳ್ಳಿ. ಹಳೆಯದಕ್ಕೆ 8,000 ಕೊಟ್ಟು ಕಾಯಿಲ್ ಹಾಕಿಸಿದರೆ ಇನ್ನು ನಾಲ್ಕು ವರ್ಷ ಓಡುತ್ತದೆ, ಅಂದರೆ ವರ್ಷಕ್ಕೆ 2,000.

ರಾಯಚೂರಿನ ಅಕ್ಕ ವರ್ಷಕ್ಕೆ 1600 ಗಂಟೆ ಏಸಿ ಹಾಕುತ್ತಾರೆ. ಹಳೆಯದನ್ನು ಇಟ್ಟುಕೊಂಡರೆ ವಿದ್ಯುತ್ತಿಗೆ 9,800, ಸರ್ವೀಸಿಗೆ 1,500, ರಿಪೇರಿಗೆ 2,000: ಒಟ್ಟು 13,300 ರೂಪಾಯಿ. ಹೊಸದಾದರೆ ಬೆಲೆಯ ವಾರ್ಷಿಕ ಪಾಲು 4,500, ಸರ್ವೀಸ್ 1,500, ವಿದ್ಯುತ್ 5,320: ಒಟ್ಟು 11,320. ಹೂಡಿದ ಹಣದ ಬಡ್ಡಿಯನ್ನು ಸೇರಿಸಿದರೆ ಅಂತರ ಕಿರಿದಾಗುತ್ತದೆ, ಆದರೆ ಬಡ್ಡಿದರ ತೀರಾ ಹೆಚ್ಚಿಲ್ಲದಿದ್ದರೆ ಉತ್ತರ ತಿರುಗುವುದಿಲ್ಲ.

ಬೆಂಗಳೂರಿನ ತಂಗಿಗೆ ಏಸಿ ಬೇಕಾಗುವುದು ಮಾರ್ಚಿನಿಂದ ಮೇ ತಿಂಗಳ ಕೆಲವು ರಾತ್ರಿ, ವರ್ಷಕ್ಕೆ 300 ಗಂಟೆ. ಹಳೆಯದರ ವಿದ್ಯುತ್ ಖರ್ಚು ಸುಮಾರು 1,840 ರೂಪಾಯಿ. ಸರ್ವೀಸ್, ರಿಪೇರಿ ಸೇರಿ 5,340. ಹೊಸದಾದರೆ ವಿದ್ಯುತ್ತು ಸಾವಿರಕ್ಕೆ ಇಳಿಯುತ್ತದೆ, ಒಟ್ಟು ಮಾತ್ರ 7,000. ಇಲ್ಲಿ ಉಳಿತಾಯವೆಂದರೆ ರಿಪೇರಿ. ಅಷ್ಟೇ ಅಲ್ಲ, ಮುಂದೆಂದಾದರೂ ಹೊಸದು ಕೊಳ್ಳುವಾಗಲೂ ತಂಗಿಗೆ ಐದು ಸ್ಟಾರ್ ಬೇಕಿಲ್ಲ. ಮೂರು ಸ್ಟಾರಿಗೆ ಕೊಡುವ ಕಡಿಮೆ ಬೆಲೆಯ ಲಾಭವನ್ನು ಕರೆಂಟ್ ಬಿಲ್ಲು ನುಂಗುವುದಿಲ್ಲ.

ನಿಮ್ಮ ಮನೆಯ ಅಂಕಿಗಳು ಬೇರೆ ಇರುತ್ತವೆ, ವಿಧಾನ ಇದೇ. ಹಳೆ ಯಂತ್ರದ ಮುಂದಿನ ಒಂದು ವರ್ಷದ ಖರ್ಚು ಹೊಸದರ ವಾರ್ಷಿಕ ಸರಾಸರಿಯನ್ನು ದಾಟಿದ ವರ್ಷವೇ ಬದಲಿಸುವ ವರ್ಷ. ಈ ಲೆಕ್ಕದಲ್ಲಿ ಹಿಂದೆ ಸುರಿದ ದುಡ್ಡಿಗೆ ಜಾಗವಿಲ್ಲ. ‘ಹೋದ ವರ್ಷ ತಾನೇ ಆರು ಸಾವಿರ ಕೊಟ್ಟು ಬೋರ್ಡ್ ಹಾಕಿಸಿದ್ದೆ, ಈಗ ಹೇಗೆ ಬಿಡಲಿ?’ ಎಂಬ ಮಾತು ಕರುಳಿನದು. ಆ ಆರು ಸಾವಿರ ಇಟ್ಟುಕೊಂಡರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ.

ಕರ್ನಾಟಕದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯ ಫಲಾನುಭವಿಗಳು ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿಸಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಹಳೆಯ ಏಸಿ ಒಂದು ಬೇಸಿಗೆಯ ತಿಂಗಳಲ್ಲಿ ಒಂಟಿಯಾಗಿಯೇ ಆ ಗಡಿ ದಾಟಿಸಬಲ್ಲದು. ದಕ್ಷ ಏಸಿಯನ್ನು ಹಿತಮಿತವಾಗಿ ಬಳಸಿದರೆ ಗಡಿಯ ಈಚೆಗೇ ಉಳಿಯುವ ಸಾಧ್ಯತೆ ಇದೆ.

ಇನ್ನೊಂದು ಎಚ್ಚರಿಕೆ: ಸ್ಟಾರುಗಳನ್ನು ವರ್ಷದ ಜೊತೆಗೇ ಓದಬೇಕು. ಬಿಇಇ ಅಳತೆಗೋಲನ್ನು ಆಗಾಗ ಬಿಗಿಗೊಳಿಸುತ್ತದೆ. 2018ರಲ್ಲಿ ಐಎಸ್‌ಇಇಆರ್ 4.5 ಇದ್ದರೆ ಐದು ಸ್ಟಾರ್ ಸಿಗುತ್ತಿತ್ತು. 2022ರ ಜುಲೈನಿಂದ ಅದಕ್ಕೆ 5 ಬೇಕಾಯಿತು. ಹಳೆ ದಾಸ್ತಾನಿನ ಐದು ಸ್ಟಾರ್ ಏಸಿ ಹೊಸ ಪಟ್ಟಿಯಲ್ಲಿ ನಾಲ್ಕು ಸ್ಟಾರಿನದ್ದಾಗಿರಬಹುದು. ನಂಬಬೇಕಾದ್ದು ಅಂಕಿಯನ್ನು, ನಕ್ಷತ್ರವನ್ನಲ್ಲ.

ಲೆಕ್ಕ ಕೇಳದ ಎರಡು ಸಂದರ್ಭಗಳು

ಮೊದಲನೆಯದು ಜೀವಭಯ. ಪ್ಲಗ್ ಕರಗುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ ಅಂದೇ ನಿಲ್ಲಿಸಬೇಕು. ಹೆಚ್ಚಿನ ಸಲ ತಪ್ಪು ವೈರಿಂಗಿನದಾಗಿರುತ್ತದೆ, ಅದನ್ನು ಸರಿಮಾಡದೆ ಹೊಸ ಏಸಿ ಹಾಕಿದರೂ ಅಪಾಯ ಹಾಗೇ ಇರುತ್ತದೆ. ಹಿಮ ಬೀಳುವ ದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಮಾತು ಇನ್ನೂ ತೀವ್ರ. ಅಲ್ಲಿನ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್‌ನಲ್ಲಿ ಬೆಂಕಿಯನ್ನೂ ಮನೆಯ ಗಾಳಿಯನ್ನೂ ಬೇರೆ ಮಾಡುವ ಲೋಹದ ಗೋಡೆ ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೇರಬಹುದು. ಬಣ್ಣ, ವಾಸನೆ ಇಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಿರುಕು ಕಂಡ ಫರ್ನೇಸ್ ಎಷ್ಟೇ ಹೊಸದಾಗಿರಲಿ, ಅದನ್ನು ಉರಿಸಬಾರದು.

ಎರಡನೆಯದು ಗ್ಯಾಸಿನ ಜಾತಿ. ಹಳೆಯ ಏಸಿಗಳಲ್ಲಿರುವ ಆರ್-22 ಓಝೋನ್ ಪದರಕ್ಕೆ ಹಾನಿಕಾರಕ. 1987ರ ಮಾಂಟ್ರಿಯಲ್ ಒಪ್ಪಂದದಡಿ ಹಂತಹಂತವಾಗಿ ತೆರೆಮರೆಗೆ ಸರಿಯುತ್ತಿರುವ ಗುಂಪಿಗೆ ಅದು ಸೇರಿದೆ. ಭಾರತದಲ್ಲಿ ಹೊಸ ಉಪಕರಣಗಳಿಗೆ ಅದನ್ನು ತುಂಬುವುದು 2024ರ ಕೊನೆಗೆ ನಿಂತಿತು. 2030ರ ನಂತರ ರಿಪೇರಿಗೂ ಅಲ್ಪಸ್ವಲ್ಪವೇ ಸಿಗುತ್ತದೆ. ಇಂದಿನ ಏಸಿಗಳಲ್ಲಿ ಹೆಚ್ಚಾಗಿ ಇರುವುದು ಆರ್-32. ಹಳೆ ಯಂತ್ರಕ್ಕೆ ಹೊಸ ಗ್ಯಾಸ್ ತುಂಬಿಬಿಡೋಣ ಎಂದರೆ ಆಗದು. ಆರ್-32 ಸುಮಾರು ಒಂದೂವರೆ ಪಟ್ಟು ಹೆಚ್ಚು ಒತ್ತಡದಲ್ಲಿ ಕೆಲಸ ಮಾಡುತ್ತದೆ, ಅದರ ಎಣ್ಣೆಯೂ ಬೇರೆ. ಆರ್-290 ಎಂದರೆ ಪ್ರೊಪೇನ್. ಅದಕ್ಕೆಂದೇ ರೂಪಿಸಿದ ಏಸಿಯಲ್ಲಿ ಅದು ಒಳ್ಳೆಯ ಶೀತಕ, ಹಳೆಯ ಆರ್-22 ಯಂತ್ರಕ್ಕೆ ಸುರಿದರೆ ಬೆಂಕಿಗೆ ಆಹ್ವಾನ. ಆದ್ದರಿಂದ ಆರ್-22 ಯಂತ್ರದ ಕಾಯಿಲ್ ಅಥವಾ ಕಂಪ್ರೆಸರ್ ಹೋದಾಗ ಸಂದೇಹದ ಲಾಭವನ್ನು ಹೊಸದಕ್ಕೇ ಕೊಡಬೇಕು. ಬೆಂಗಳೂರಿನ ತಂಗಿಯೂ ರಿಪೇರಿಗೆ ಒಪ್ಪುವ ಮೊದಲು ಹೊರಗಿನ ಪೆಟ್ಟಿಗೆಯ ಪಟ್ಟಿಯಲ್ಲಿ ಗ್ಯಾಸಿನ ಹೆಸರು ಓದಿಕೊಳ್ಳಬೇಕು.

ಹಳೆಯದನ್ನು ಕಳಿಸುವ ಬಗೆ

ಪರಿಸರಕ್ಕೆ ಒಳ್ಳೆಯದೆಂದು ಹೊಸ ಏಸಿ ಕೊಳ್ಳುವವರು ಒಂದು ಲೆಕ್ಕ ಮರೆಯುತ್ತಾರೆ. ಒಂದು ಕಿಲೋ ಆರ್-22 ವಾತಾವರಣ ಸೇರಿದರೆ ನೂರು ವರ್ಷದ ಅವಧಿಯಲ್ಲಿ ಅದು ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ನಮ್ಮ ಗ್ರಿಡ್‌ನ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ರಾಯಚೂರಿನ ಅಕ್ಕ ವರ್ಷಕ್ಕೆ 640 ಯೂನಿಟ್ ಉಳಿಸಿದರೆ ತಪ್ಪುವುದು 450 ಕಿಲೋ. ಹಳೆಯ ಏಸಿಯಿಂದ ಅಂಥ ಒಂದು ಕಿಲೋ ಗ್ಯಾಸನ್ನು ಗಾಳಿಗೆ ಬಿಟ್ಟರೆ ನಾಲ್ಕು ವರ್ಷದ ಉಳಿತಾಯ ಆ ಒಂದೇ ನಿಮಿಷದಲ್ಲಿ ಹೋಯಿತು. ಬೆಂಗಳೂರಿನ ತಂಗಿಯ ಉಳಿತಾಯಕ್ಕಾದರೆ ಅದನ್ನು ತುಂಬಿಕೊಡಲು ಇಪ್ಪತ್ತು ವರ್ಷವೂ ಸಾಲದು.

ಗುಜರಿಯವರು ತಾಮ್ರಕ್ಕಾಗಿ ಕೊಳವೆಗೆ ಕತ್ತರಿ ಹಾಕಿದಾಗ ಆಗುವುದು ಇದೇ. ತಪ್ಪಿಸುವುದು ಕಷ್ಟವಲ್ಲ. ಯಂತ್ರ ಓಡುವ ಸ್ಥಿತಿಯಲ್ಲಿದ್ದರೆ, ಬಿಚ್ಚುವ ಮೊದಲು ಹೊರಗಿನ ಪೆಟ್ಟಿಗೆಯ ತೆಳು ಕೊಳವೆಯ ವಾಲ್ವ್ ಮುಚ್ಚಿ ಕೆಲ ನಿಮಿಷ ಓಡಿಸಿದರೆ ಗ್ಯಾಸೆಲ್ಲ ಹೊರಗಿನ ಪೆಟ್ಟಿಗೆಗೆ ಬಂದು ಸೇರುತ್ತದೆ. ದಪ್ಪ ಕೊಳವೆಯದನ್ನೂ ಮುಚ್ಚಿ ಯಂತ್ರ ಆರಿಸಬೇಕು. ಇದು ಮೆಕ್ಯಾನಿಕ್‌ಗಳಿಗೆ ‘ಪಂಪ್ ಡೌನ್’ ಎಂದು ಚೆನ್ನಾಗಿ ಗೊತ್ತಿರುವ ಕೆಲಸ. ನಾವು ಕೇಳುವುದಿಲ್ಲ, ಅವರು ಮಾಡುವುದಿಲ್ಲ. ನಂತರ ಅದನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೋ, ಹಳೆಯದನ್ನು ವಾಪಸ್ ಪಡೆಯುವ ಕಂಪನಿಗೋ ಕೊಡಬೇಕು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಈ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಯಾವಾಗ ತೀರ್ಮಾನಿಸಬೇಕು ಎಂಬ ಪ್ರಶ್ನೆ ಉಳಿಯಿತು. ಹೆಚ್ಚಿನವರು ಏಪ್ರಿಲ್‌ನಲ್ಲಿ, ಏಸಿ ನಿಂತ ರಾತ್ರಿಯ ಮರುದಿನ ತೀರ್ಮಾನಿಸುತ್ತಾರೆ. ಆಗ ಮೆಕ್ಯಾನಿಕ್‌ಗೆ ಪುರುಸೊತ್ತಿಲ್ಲ, ಅಂಗಡಿಯಲ್ಲಿ ಬೇಕಾದ ಮಾದರಿ ಇಲ್ಲ, ಮನೆಯವರಿಗೆ ತಾಳ್ಮೆಯಿಲ್ಲ. ಕೊಳವೆಯೊಳಗಿನ ಗಾಳಿ, ತೇವಗಳನ್ನು ನಿರ್ವಾತ ಪಂಪಿನಿಂದ ಅರ್ಧ ಗಂಟೆ ಎಳೆದು ತೆಗೆಯಬೇಕಾದಲ್ಲಿ, ತುಸು ಗ್ಯಾಸ್ ಬಿಟ್ಟು ಎರಡೇ ನಿಮಿಷಕ್ಕೆ ಮುಗಿಸಿ ಮುಂದಿನ ಮನೆಗೆ ಓಡುತ್ತಾರೆ. ಹೊಸ ಯಂತ್ರದ ಆಯಸ್ಸು ಹುಟ್ಟುವಾಗಲೇ ಕುಗ್ಗುತ್ತದೆ. ಅಳತೆಗೆ ಬೇಸಿಗೆ, ತೀರ್ಮಾನಕ್ಕೆ ಚಳಿಗಾಲ. ಮೇ ತಿಂಗಳಲ್ಲಿ ಥರ್ಮಾಮೀಟರ್ ಹಿಡಿದು ಬರೆದಿಟ್ಟ ಎರಡು ಅಂಕಿ, ಆ ವರ್ಷ ಓಡಿಸಿದ ಗಂಟೆಗಳ ಅಂದಾಜು, ಕೊಟ್ಟ ರಿಪೇರಿ ರಸೀದಿಗಳು, ಇಷ್ಟು ಕೈಯಲ್ಲಿದ್ದರೆ ಡಿಸೆಂಬರ್‌ನ ಒಂದು ಭಾನುವಾರ ಕಾಲು ಗಂಟೆಯಲ್ಲಿ ಲೆಕ್ಕ ಮುಗಿಯುತ್ತದೆ. ಉತ್ತರ ‘ಇನ್ನೊಂದು ವರ್ಷ ಇರಲಿ’ ಎಂದು ಬಂದರೆ ಅದು ಒಂದೇ ವರ್ಷದ ಮಾತು. ಮುಂದಿನ ಡಿಸೆಂಬರ್‌ನಲ್ಲಿ ಮತ್ತೆ ಹಾಕಬೇಕು.